ಕಚ್ಚಿ ಕುಡಿಯುವ ಪಾತ್ರೆ

ಗುಬ್ಬಿಯ ಸಭೆಯವರು ಪಾನಪಾತ್ರೆಗೆ ತುಟಿ ತಾಗಿಸುವುದನ್ನು ಬಿಟ್ಟಿದ್ದಾರೆ ಎಂದು ನನಗೆ ಯಾರೂ ಹೇಳಲಿಲ್ಲ. ನನ್ನ ಕೈಗೆ ಅದು ಗೊತ್ತಾಯಿತು. ಒಬ್ಬೊಬ್ಬರು ಕುಡಿದ ಹಾಗೆಲ್ಲ ಪಾತ್ರೆ ತುಸು ತುಸುವೇ ಹಗುರಾಗಬೇಕು. ಆ ಭಾನುವಾರ ವೇದಿಕೆಯ ಮುಂದೆ ಜನ ಮಂಡಿಯೂರುವ ಕಂಬಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದರೂ ಅದರ ಭಾರ ಇಳಿಯಲಿಲ್ಲ. ಎಲ್ಲರೂ ಮಂಡಿಯೂರಿದ್ದರು, ಕಣ್ಣು ಮುಚ್ಚಿದ್ದರು, ಪಾತ್ರೆ ಬಾಯಿಯ ಬಳಿ ಬಂದಾಗ ತಲೆ ಬಗ್ಗಿಸಿ 'ಆಮೆನ್' ಅಂದರು. ತುಟಿಗಳು ಮಾತ್ರ ಬಿಗಿದೇ ಇದ್ದವು.

ನಾನು ಪಾದ್ರಿ. ತುಮಕೂರು ನಗರದ ಒಂದು ದೇವಾಲಯದಲ್ಲಿ ಸಹಾಯಕ ಸಭಾಪಾಲಕಿಯಾಗಿದ್ದುಕೊಂಡು, ಗುಬ್ಬಿಯಲ್ಲೊಂದು, ಕುಣಿಗಲ್ ಕಡೆಯಲ್ಲೊಂದು, ಹೀಗೆ ಎರಡು ಸಣ್ಣ ಸಭೆಗಳನ್ನೂ ನೋಡಿಕೊಳ್ಳುತ್ತಿದ್ದೆ. ತಿಂಗಳ ಮೊದಲ ಭಾನುವಾರ ಗುಬ್ಬಿಯಲ್ಲಿ ಸಂಸ್ಕಾರ. ಯೇಸು ತನ್ನ ಕೊನೆಯ ಊಟದಲ್ಲಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟು, ಒಂದೇ ಪಾತ್ರೆಯಿಂದ ಎಲ್ಲರಿಗೂ ದ್ರಾಕ್ಷಾರಸ ಕುಡಿಸಿದ್ದನ್ನು ನೆನೆದು, ಆ ರೊಟ್ಟಿ ಆತನ ದೇಹ, ಆ ರಸ ಆತನ ರಕ್ತ ಎಂದು ನಂಬಿ ಮಾಡುವ ಆರಾಧನೆ ಅದು. ನಮ್ಮ ಜನಕ್ಕೆ ಇದಕ್ಕಿಂತ ದೇವರಿಗೆ ಹತ್ತಿರವಾಗುವ ಗಳಿಗೆ ಇನ್ನೊಂದಿಲ್ಲ.

ಅದರ ಕೆಲಸ ಶನಿವಾರವೇ ಶುರುವಾಗುತ್ತದೆ. ಕಪ್ಪು ಒಣದ್ರಾಕ್ಷಿಯನ್ನು ತೊಳೆದು ನೆನೆಹಾಕಿ, ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ, ತೆಳುಬಟ್ಟೆಯಲ್ಲಿ ಸೋಸಬೇಕು. ಬೇಕರಿಯ ಬ್ರೆಡ್ಡಿನ ಅಂಚು ತೆಗೆದು ಬೆರಳ ತುದಿಯಷ್ಟು ಚೂರು ಮಾಡಬೇಕು. ಬಿಳಿ ಕರವಸ್ತ್ರಗಳನ್ನು ಇಸ್ತ್ರಿ ಮಾಡಬೇಕು. ಪಾತ್ರೆಯನ್ನು ಕೊಡುವುದಕ್ಕೂ ಒಂದು ಕ್ರಮವಿದೆ. ಒಬ್ಬರು ಕುಡಿದ ಮೇಲೆ ಅಂಚನ್ನು ಒಳಗೂ ಹೊರಗೂ ಒರೆಸಿ, ಪಾತ್ರೆಯನ್ನು ಸ್ವಲ್ಪ ತಿರುಗಿಸಿ, ಮುಂದಿನವರ ಬಾಯಿಗೆ ಬೇರೆ ಅಂಚು ಬರುವ ಹಾಗೆ ಹಿಡಿಯಬೇಕು. ಎಷ್ಟೇ ತಿರುಗಿಸಿದರೂ ಸ್ವಲ್ಪ ಹೊತ್ತಿಗೆ ಮೊದಲಿನ ಜಾಗವೇ ಬರುತ್ತದೆ. ಎಂಜಲು ಎಂಬ ಮಾತನ್ನು ಈ ಮೇಜಿನ ಬಳಿ ಬಿಟ್ಟುಬಿಡಬೇಕು ಎಂದು ನನಗೆ ಕಲಿಸಿದ ಗುರುಗಳು ಹೇಳುತ್ತಿದ್ದರು.

ಕೊರೊನಾ ಕಾಲದಲ್ಲಿ ಆ ಪಾತ್ರೆಯನ್ನು ಎತ್ತಿಟ್ಟು ರೊಟ್ಟಿಯನ್ನಷ್ಟೇ ಕೊಟ್ಟಿದ್ದೆವು. ರೋಗದ ಭಯ ಕಡಿಮೆಯಾದ ಮೇಲೆ ಪಾತ್ರೆಯನ್ನು ಮತ್ತೆ ತನ್ನಿ ಎಂದು ಮೊದಲು ಕೇಳಿದ್ದೇ ಗುಬ್ಬಿಯವರು. ಸಭಾ ಸಮಿತಿಯ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು ನನಗೆ ಫೋನು ಮಾಡಿ, "ಒಂದೇ ಪಾತ್ರೆಲಿ ಕುಡಿದ್ರೇನೆ ಸಂಸ್ಕಾರ ಅನ್ಸೋದಮ್ಮ, ಬರೀ ರೊಟ್ಟಿ ತಿಂದು ಮನೆಗೆ ಹೋದ್ರೆ ಅರ್ಧ ಊಟಕ್ಕೆ ಎದ್ದಂಗಿರುತ್ತೆ" ಎಂದಿದ್ದರು. ಆ ಮಾತು ಕೇಳಿ ನನಗೆ ಖುಷಿಯಾಗಿತ್ತು.

ಹಾಗಾದರೆ ಆಮೇಲೆ ಬದಲಾದದ್ದೇನು? ಒಬ್ಬ ಹೆಂಗಸು ಕಂಬಿಯ ಬಳಿ ಬಂದು ಮಂಡಿಯೂರಿದ್ದಳು, ಅಷ್ಟೇ.

ಆಕೆ ಗುಬ್ಬಿ ಪೇಟೆಯ ಬೀದಿಗಳಲ್ಲಿ ಕಸದ ಆಟೋ ಜೊತೆ ಹೋಗಿ ಮನೆಮನೆಯ ಕಸ ತೆಗೆದುಕೊಳ್ಳುವ ಪೌರಕಾರ್ಮಿಕೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ನಾನು ಅಕ್ಕಾ ಎನ್ನುತ್ತಿದ್ದೆ. ಗಂಡ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ ಅಲ್ಲಿ ಮೇಟ್ರನ್ ಆಗಿದ್ದ ನಮ್ಮ ಸಭೆಯ ಒಬ್ಬರು ಅವನನ್ನು ಬಹಳ ಚೆನ್ನಾಗಿ ನೋಡಿಕೊಂಡಿದ್ದರು. ಅವನು ಉಳಿಯಲಿಲ್ಲ. ಹೆಣ ಕೊಡುವ ತನಕ ಆಕೆಯ ಪಕ್ಕದಲ್ಲಿ ಕೂತಿದ್ದವರು ಆ ಮೇಟ್ರನ್ ಅಮ್ಮನೇ. ಆಮೇಲೆ ಅಕ್ಕ ತಾನಾಗಿ ಅವರ ಹಿಂದೆ ದೇವಾಲಯಕ್ಕೆ ಬರತೊಡಗಿದಳು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹಾಡು ಬಾಯಿಪಾಠ ಮಾಡಿಕೊಂಡಳು. ನನಗಿಂತ ಹಿಂದೆ ಇದ್ದ ಪಾದ್ರಿಯವರು ದೀಕ್ಷಾಸ್ನಾನ ಕೊಟ್ಟಿದ್ದರು. ಸಂಸ್ಕಾರಕ್ಕೆ ಸಿದ್ಧಮಾಡುವ ಪಾಠ ನನ್ನ ಪಾಲಿಗೆ ಬಂತು.

ಆರಾಧನೆ ಮುಗಿದ ಮೇಲೆ ವರಾಂಡದಲ್ಲಿ ಕೂತು ಪಾಠ ನಡೆಯುತ್ತಿತ್ತು. ಓದು ಬಾರದಿದ್ದರಿಂದ ನಾನು ಹೇಳಿದ್ದನ್ನು ಆಕೆ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದಳು. ಕೊನೆಯ ಊಟದ ಪಾಠದ ದಿನ ಸುಮ್ಮನೆ ಕೇಳಿಸಿಕೊಂಡು, ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು.

"ಏನಕ್ಕಾ, ಅರ್ಥ ಆಗ್ಲಿಲ್ವಾ?"

"ಆಯ್ತಮ್ಮಾ. ಒಂದ್ ಮಾತು ಕೇಳ್ಲಾ? ಆ ಪಾತ್ರೆನ ಎತ್ತಿ ಕುಡೀಬೇಕಾ, ಕಚ್ಚಿ ಕುಡೀಬೋದಾ?"

ನಮ್ಮ ಕಡೆ ಪಾತ್ರೆಗೆ ಬಾಯಿ ಸೋಕದಂತೆ ಮೇಲಿಂದ ಸುರಿದುಕೊಳ್ಳುವುದನ್ನು ಎತ್ತಿ ಕುಡಿಯುವುದು ಎನ್ನುತ್ತಾರೆ, ತುಟಿ ಇಟ್ಟು ಹೀರುವುದನ್ನು ಕಚ್ಚಿ ಕುಡಿಯುವುದು ಎನ್ನುತ್ತಾರೆ. ಯಾರದೋ ಮನೆಯ ಬಾಗಿಲಲ್ಲಿ ನಿಂತು ನೀರು ಕೇಳಿದಾಗ ಕಚ್ಚಿ ಕುಡಿಯುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬುದು ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಿರುತ್ತದೆ.

"ಕಚ್ಚೇ ಕುಡೀಬೇಕು ಅಕ್ಕಾ. ನಾನೂ ಅದ್ರಲ್ಲೇ, ನೀವೂ ಅದ್ರಲ್ಲೇ, ಮೇಷ್ಟ್ರೂ ಅದ್ರಲ್ಲೇ."

ಆಕೆ ನಕ್ಕಳು. "ಟೀ ಅಂಗ್ಡಿಲಿ ನಂಗೆ ಪೇಪರ್ ಕಪ್ಪೇ ಕೊಡದು ಕಣಮ್ಮಾ. ಗಾಜಿನ್ ಲೋಟ ಕೇಳಿದ್ರೆ ತೊಳ್ದಿಲ್ಲ ಅಂತಾನೆ."

ಬಿಷಪ್ ಬಂದು ತಲೆಯ ಮೇಲೆ ಕೈಯಿಟ್ಟು ದೃಢೀಕರಣ ಮಾಡಿದರು, ಅದಾದ ಮೇಲೆಯೇ ಸಂಸ್ಕಾರಕ್ಕೆ ಬರಬಹುದು. ಮರುತಿಂಗಳು ಅಕ್ಕ ಮೊದಲ ಸಲ ಕಂಬಿಯ ಬಳಿ ಬಂದಳು. ಹಳೆಯದಾದರೂ ಒಗೆದು ಗಂಜಿ ಹಾಕಿದ ಬಿಳಿ ಸೀರೆ. ಎರಡೂ ಕೈಯಲ್ಲಿ ಪಾತ್ರೆಯ ಬುಡ ಹಿಡಿದುಕೊಂಡು, ಕಣ್ಣು ಬಿಟ್ಟುಕೊಂಡೇ ಕುಡಿದಳು. ನಾನು ಅಂಚು ಒರೆಸಿ, ತಿರುಗಿಸಿ, ಪಕ್ಕದವರಿಗೆ ಹಿಡಿದೆ. ಅವರು ಏನಾಗುತ್ತಿದೆ ಎಂದು ಯೋಚಿಸುವ ಮೊದಲೇ ಕುಡಿದುಬಿಟ್ಟರು ಎಂದು ಕಾಣುತ್ತದೆ. ಅವತ್ತು ಎಲ್ಲರೂ ಕುಡಿದರು. ಯೋಚಿಸುವುದಕ್ಕೆ ಒಂದು ತಿಂಗಳು ಸಿಕ್ಕಿತು. ಮುಂದಿನ ಸಲವೇ ಪಾತ್ರೆ ಭಾರವಾಗಿ ಹಿಂದಕ್ಕೆ ಬಂದದ್ದು.

ನನ್ನ ತಪ್ಪು ಗ್ರಹಿಕೆಯೇನೋ ಎಂದುಕೊಂಡು ಇನ್ನೊಂದು ತಿಂಗಳು ನೋಡಿದೆ. ಆ ಸಲ ಇನ್ನೂ ಸ್ಪಷ್ಟವಾಯಿತು. ಹಳೆಯ ಮನೆತನದವರೆಲ್ಲ ಮೊದಲ ಸಾಲಿನಲ್ಲಿ ದುಡುದುಡು ಬಂದು ಮಂಡಿಯೂರಿ, ಕುಡಿದು, ಎದ್ದು ಹೋದರು. ಅಕ್ಕ ಬಂದಾಗ ಕಂಬಿಯ ಬಳಿ ಆಕೆಯೊಬ್ಬಳೇ. ಆಕೆಯ ನಂತರ ಉಳಿದ ಕೆಲವರು ಬಂದು ಬಾಯಿ ಬಿಗಿದುಕೊಂಡು 'ಆಮೆನ್' ಅಂದರು.

ಅದಾದ ವಾರದಲ್ಲೇ ಸಮಿತಿಯವರು ತುಮಕೂರಿಗೆ ನನ್ನ ಮನೆಗೆ ಬಂದರು. ಹೆಡ್‌ಮಾಸ್ಟರು, ಕಾರ್ಯದರ್ಶಿ, ಜೊತೆಗೆ ಆ ಮೇಟ್ರನ್ ಅಮ್ಮ. ಕಾಫಿ ಕೊಟ್ಟೆ. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು.

"ಇನ್ಮೇಲೆ ಚಿಕ್ಕ ಚಿಕ್ಕ ಕಪ್ ಮಾಡೋಣ ಅಂತ ಮೇಡಂ. ಒಬ್ಬೊಬ್ಬರಿಗೆ ಒಂದೊಂದು. ಹೈಜೀನ್ ನೋಡಿ, ಈಗ ಎಲ್ಲಾ ಕಡೆ ಹಂಗೇ ಮಾಡ್ತಾ ಇದಾರೆ."

"ಪಾತ್ರೆನೇ ಬೇಕು ಅಂತ ಕೇಳಿದ್ದು ನೀವೇ ಅಲ್ವಾ?"

"ಅವಾಗ ಬೇರೆ ಇತ್ತು."

"ಈಗ ಏನಾಗಿದೆ?"

ಕಾರ್ಯದರ್ಶಿ ಹೆಡ್‌ಮಾಸ್ಟರ ಕಡೆ ನೋಡಿದರು. ನಾನು ಮೇಟ್ರನ್ ಅಮ್ಮನ ಕಡೆ ತಿರುಗಿದೆ. "ಅಮ್ಮಾ, ನೀವು ಹೇಳಿ. ನೀವು ನರ್ಸ್ ಆಗಿದ್ದೋರು."

ಅವರು ಕಾಫಿ ಲೋಟದೊಳಗೆ ನೋಡುತ್ತಾ ಹೇಳಿದರು. "ಅವ್ಳು ದಿನಾ ಎಲ್ಲೆಲ್ಲಿ ಕೈ ಇಡ್ತಾಳೆ ಅಂತ ನಂಗೊತ್ತು ಕಣಮ್ಮ. ಅವ್ಳ ಮೇಲೆ ನಂಗೇನೂ ಇಲ್ಲ. ನಾನೇ ಕರ್ಕೊಂಡ್ ಬಂದಿದ್ದಲ್ವಾ? ಆದ್ರೆ ಅವ್ಳ ಹಿಂದೆ ಕುಡಿಯಕ್ಕೆ ಆಗ್ತಿಲ್ಲ. ಪ್ರಯತ್ನ ಪಟ್ಟೆ. ಗಂಟ್ಲಲ್ಲಿ ಇಳೀಲಿಲ್ಲ."

ಆ ಮೂವರಲ್ಲಿ ನಿಜ ಹೇಳಿದವರು ಅವರೊಬ್ಬರೇ. ಆದರೂ ಆ ನಿಜ ನನಗೆ ಕಾರ್ಯದರ್ಶಿಯ ಸುಳ್ಳಿಗಿಂತ ಹೆಚ್ಚು ಕಹಿಯಾಗಿತ್ತು. ಒಬ್ಬ ರೋಗಿಯ ವಾಂತಿ ಒರೆಸಿದ ಕೈ ಅದು. ಆ ರೋಗಿಯ ಹೆಂಡತಿ ಕುಡಿದ ಪಾತ್ರೆ ಮುಟ್ಟಲಾರದೆ ಹೋಗಿತ್ತು.

ಜಿಲ್ಲೆಯ ಹಿರಿಯ ಪಾದ್ರಿಗಳ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಸುಸ್ತಾದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚಿಕ್ಕ ಕಪ್ಪಲ್ಲಿ ಕೊಟ್ರೆ ಸಂಸ್ಕಾರ ಆಗಲ್ಲ ಅಂತ ಎಲ್ಲಾದ್ರೂ ಇದ್ಯೇನಮ್ಮಾ?"

"ಇಲ್ಲ ಅಯ್ಯನವ್ರೇ."

"ಮತ್ತೆ? ದೇವರು ಪಾತ್ರೆ ಅಳತೆ ನೋಡ್ತಾನಾ? ಸಭೆ ಒಡೆಯೋದು ಬೇಡ. ಅವ್ಳಿಗೂ ಕಪ್ಪು ಸಿಗುತ್ತೆ, ಅವ್ರಿಗೂ ಸಿಗುತ್ತೆ. ಸಮಾಧಾನವಾಗಿ ಹೋಗು."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಮ್ಮದೇ ಸಭೆಗಳಲ್ಲಿ ಎಷ್ಟೋ ಕಡೆ ಚಿಕ್ಕ ಕಪ್ಪುಗಳಿವೆ, ಅಲ್ಲಿ ಯಾರಿಗೂ ಅವಮಾನವಾಗಿಲ್ಲ. ಕೀಮೋ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ನಾನೇ ಬೇರೆ ಲೋಟದಲ್ಲಿ ಕೊಟ್ಟಿದ್ದೆ. ಗುಬ್ಬಿಯಲ್ಲಿ ಆ ಕಪ್ಪುಗಳು ಯಾತಕ್ಕಾಗಿ ಬರುತ್ತಿವೆ ಎಂಬುದಷ್ಟೇ ನನ್ನ ತಕರಾರಾಗಿತ್ತು. ಅದನ್ನು ಯಾವ ನಿಯಮದ ಅಡಿಯಲ್ಲಿ ಹೇಳಬೇಕೋ ಗೊತ್ತಾಗಲಿಲ್ಲ. ಒಪ್ಪಿಕೊಂಡು ಬಂದೆ.

ಕಾರ್ಯದರ್ಶಿ ತಂದದ್ದು ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕಪ್ಪುಗಳು, ಔಷಧಿ ಬಾಟಲಿಯ ಮುಚ್ಚಳದಷ್ಟಿದ್ದವು. ಗಾಜಿನವು ಬೇಡ, ತೊಳೆಯುವವರು ಯಾರು ಎಂದರು. ಆರಾಧನೆಗೆ ಮುಂಚೆ, ಪಾದ್ರಿ ನಿಲುವಂಗಿ ತೊಡುವ ವೆಸ್ಟ್ರಿ ಕೋಣೆಯಲ್ಲಿ ಕೂತು ಸೂಜಿಯಿಲ್ಲದ ಸಿರಿಂಜಿನಲ್ಲಿ ಒಂದೊಂದಕ್ಕೂ ದ್ರಾಕ್ಷಾರಸ ತುಂಬಿದೆ. ಸ್ವಲ್ಪ ಅಲುಗಿದರೂ ಚೆಲ್ಲುತ್ತಿತ್ತು. ಟ್ರೇ ಹಿಡಿದುಕೊಂಡು ಕಂಬಿಯುದ್ದಕ್ಕೂ ಹೋದೆ. ಒರೆಸುವುದಿಲ್ಲ, ತಿರುಗಿಸುವುದಿಲ್ಲ. ಕೆಲಸ ಬೇಗ ಮುಗಿಯಿತು. ಅಕ್ಕ ಕಪ್ಪನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಮುಂದಿನವರ ಕಡೆಗೆ ಸರಿದೆ.

ಮಾರನೆಯ ದಿನ ಬೆಳಿಗ್ಗೆ ಆಕೆಯ ಫೋನು ಬಂತು.

"ಅಮ್ಮಾ, ಈಗ್ಲೇ ಬರ್ತೀರಾ? ದೊಡ್ಡದೇನಿಲ್ಲ. ಆದ್ರೂ ಬನ್ನಿ."

ಸ್ಕೂಟರು ತೆಗೆದುಕೊಂಡು ಹೋದೆ. ಆಕೆ ಮನೆಯ ಮುಂದಿನ ಜಗಲಿಯ ಮೇಲೆ ಕೂತಿದ್ದಳು. ಕೆಲಸದ ಹಸಿರು ಕೋಟು ಇನ್ನೂ ಮೈಮೇಲಿತ್ತು. ಪಕ್ಕದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಕವರು. ಬಿಚ್ಚಿ ತೋರಿಸಿದಳು. ಒಳಗೆ ಆ ಕಪ್ಪುಗಳಿದ್ದವು. ಕೆಲವು ಖಾಲಿ, ಕೆಲವಕ್ಕೆ ತಳದಲ್ಲಿ ಕೆಂಪು ಅಂಟಿಕೊಂಡಿತ್ತು, ಕೆಲವನ್ನು ಮುಟ್ಟೇ ಇರಲಿಲ್ಲ ಎಂದು ಕಾಣುತ್ತದೆ, ಮಗುಚಿಕೊಂಡು ಕವರಿನೊಳಗೆಲ್ಲ ಅಂಟಂಟಾಗಿತ್ತು. ಅದರ ಜೊತೆ ಯಾರೋ ತಿಂದೆಸೆದ ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಪೊಟ್ಟಣ.

"ದೇವಾಲಯದ ಗೇಟ್ ಹತ್ರ ಇಟ್ಟಿದ್ರು. ಹಸಿ ಕಸ, ಒಣ ಕಸ ಬೇರೆ ಮಾಡಣ ಅಂತ ಬಿಚ್ಚಿದ್ರೆ ಇದು. ಇದನ್ನ ಯಾವ್ದಕ್ಕೆ ಹಾಕ್ಲಿ ಅಮ್ಮಾ? ಹಸೀದ್ಕಾ, ಒಣದ್ಕಾ?"

ನಾನು ಜಗಲಿಯ ಮೇಲೆ ಆಕೆಯ ಪಕ್ಕ ಕೂತೆ.

"ಕರ್ತನ ರಕ್ತ ಅಂತ ನೀವೇ ಹೇಳ್ಕೊಟ್ರಿ. ನಾನು ನಂಬ್ದೆ. ನಂಬಿ ಎಷ್ಟು ದಿನದಿಂದ ಕಾಯ್ಕೊಂಡಿದ್ದೆ ಗೊತ್ತಾ? ಈಗ ನನ್ ಗಾಡಿಗೇ ಹಾಕವ್ರೆ. ನಾನು ಕುಡಿದಿದ್ದಕ್ಕೆ ಇದನ್ನ ತಂದ್ರಿ ಅಲ್ವಾ? ನಂಗೊತ್ತಿಲ್ಲ ಅನ್ಕೊಂಡ್ರಾ? ಟೀ ಅಂಗ್ಡಿಯವ್ನು ಪೇಪರ್ದಲ್ಲಿ ಕೊಡ್ತಾನೆ, ನೀವು ಪ್ಲಾಸ್ಟಿಕ್ಕಲ್ಲಿ ಕೊಟ್ರಿ."

ಆಕೆ ಅಳಲಿಲ್ಲ. ದನಿ ಏರಿಸಿಯೇ ಮಾತಾಡಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತು ನೋಡಿ ಒಳಗೆ ಹೋದರು.

ಪ್ರಾರ್ಥಿಸಿ ಪ್ರತ್ಯೇಕಿಸಿದ ದ್ರಾಕ್ಷಾರಸ ಉಳಿದರೆ ಅದನ್ನು ಪಾದ್ರಿಯೇ ಕುಡಿದು ಮುಗಿಸಬೇಕು, ಕುಡಿಯಲಾಗದಂತಿದ್ದರೆ ಯಾರೂ ತುಳಿಯದ ಕಡೆ ಮಣ್ಣಿಗೆ ಸೇರಿಸಬೇಕು. ಅದು ನಮ್ಮ ಕ್ರಮ. ಹಿಂದಿನ ದಿನ ಕಾರ್ಯದರ್ಶಿ "ಟ್ರೇಗಳನ್ನ ನಾನು ನೋಡ್ಕೋತೀನಿ" ಎಂದಾಗ ನಾನು ಮುಂದಿನ ಆರಾಧನೆಗೆ ಹೊತ್ತಾಯಿತೆಂದು ತುಮಕೂರಿಗೆ ಹೊರಟುಬಿಟ್ಟಿದ್ದೆ. ಈಗ ನಾವಿಬ್ಬರೂ ಆಕೆಯ ಹಿತ್ತಲಿಗೆ ಹೋದೆವು. ಆಕೆ ಗುದ್ದಲಿ ತಂದು ಗುಂಡಿ ತೋಡಿದಳು. ನಾನು ಕಪ್ಪುಗಳಿಗೆ ಒಂದೊಂದಾಗಿ ನೀರು ಹಾಕಿ ಗಲಬರಿಸಿ ಆ ಗುಂಡಿಗೆ ಸುರಿದೆ. ಮಣ್ಣು ಮುಚ್ಚಿದ ಮೇಲೆ ಖಾಲಿ ಕಪ್ಪುಗಳನ್ನು ಆಕೆ ಒಣ ಕಸದ ಚೀಲಕ್ಕೆ ಹಾಕಿದಳು.

ಅಲ್ಲಿಂದ ನೇರವಾಗಿ ಹೆಡ್‌ಮಾಸ್ಟರ ಮನೆಗೆ ಹೋದೆ. ದಾರಿಯಲ್ಲೇ ತೀರ್ಮಾನ ಮಾಡಿದ್ದೆ.

"ಮೇಷ್ಟ್ರೇ, ಮುಂದಿನ ತಿಂಗಳು ಒಂದೇ ಪಾತ್ರೆ. ನನ್ನ ಕೈಯಿಂದ ಸಂಸ್ಕಾರ ಬೇಕು ಅಂದ್ರೆ ಹಾಗೇ ಆಗ್ಬೇಕು. ಇಷ್ಟ ಇಲ್ದೋರು ಬರೀ ರೊಟ್ಟಿ ತಗೊಳ್ಳಿ, ಕೂತಲ್ಲೇ ಕೂತಿರಲಿ, ನಾನು ಬಲವಂತ ಮಾಡಲ್ಲ. ಆದ್ರೆ ಆ ಕಪ್ಪುಗಳು ಮೇಜಿನ ಮೇಲೆ ಬರಲ್ಲ."

ಕವರಿನ ವಿಷಯವನ್ನೂ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಹೆಂಡತಿಗೆ ಒಳಗೆ ಹೋಗಲು ಸನ್ನೆ ಮಾಡಿದರು.

"ನಮ್ಮಜ್ಜಂಗೆ ಹೋಟ್ಲಲ್ಲಿ ತೆಂಗಿನ ಚಿಪ್ಪಲ್ಲಿ ಟೀ ಕೊಡೋರು ಗೊತ್ತೇನಮ್ಮಾ? ಆ ಚಿಪ್ಪನ್ನ ಅವ್ರೇ ತೊಳ್ದು ಗೋಡೆ ಸಂದಿಲಿ ಸಿಗಿಸ್ಬೇಕು. ಮಿಷನ್ ಶಾಲೆಲಿ ಓದಿ ನಮ್ಮಪ್ಪ ಮೇಷ್ಟ್ರಾದ್ರು, ನಾನಾದೆ. ಈಗ ಪೇಟೆಲಿ ನನ್ನ ನೋಡಿದ್ರೆ ಎಲ್ರೂ ನಮಸ್ಕಾರ ಮೇಷ್ಟ್ರೇ ಅಂತಾರೆ. ನಾನ್ಯಾವ ಕೇರಿಯೋನು ಅಂತ ಯಾರಿಗೂ ನೆನಪಿಲ್ಲ. ಮರೆಸಕ್ಕೆ ಮೂರು ತಲೆಮಾರು ಬೇಕಾಯ್ತು. ಈಗ ಅವ್ಳು ಬಂದು ಪಕ್ಕದಲ್ಲಿ ಮಂಡಿ ಊರಿದ್ರೆ, ಊರೋರು ಕಸ ಗುಡಿಸೋರ ಚರ್ಚು ಅಂತಾರೆ. ಆಗ್ಲೇ ಅಂತಾ ಇದಾರೆ. ಮೊಮ್ಮಗಳಿಗೆ ಗಂಡು ನೋಡ್ತಾ ಇದೀವಿ."

"ನಮ್ಮ ತಾತನೂ ಬೆಳ್ಳಾವಿ ಕಡೆ ಅದೇ ಕೇರಿಯೋರೇ ಮೇಷ್ಟ್ರೇ."

"ಗೊತ್ತು. ಅದಕ್ಕೇ ಹೇಳ್ತಾ ಇದೀನಿ. ನಿಮಗೆ ಯಾಕೆ ಅರ್ಥ ಆಗ್ತಿಲ್ಲ?"

ಅವರಿಗೆ ಅಕ್ಕನ ಮೇಲೆ ಅಸಹ್ಯವಿದೆ ಎಂದುಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದು ಭಯ. ಅಸಹ್ಯವಾಗಿದ್ದರೆ ಜಗಳವಾಡಬಹುದಿತ್ತು. ಆ ಭಯ ನನ್ನ ಮನೆಯಲ್ಲೂ ಇತ್ತು, ಅದನ್ನು ನೋಡುತ್ತಲೇ ಬೆಳೆದಿದ್ದೆ. ಊರು ಕೇಳಿದವರಿಗೆ ನಮ್ಮಮ್ಮ ತುಮಕೂರು ಎಂದಷ್ಟೇ ಹೇಳುತ್ತಿದ್ದಳು, ಬೆಳ್ಳಾವಿ ಎಂದು ಒಂದು ದಿನವೂ ಹೇಳಿದವಳಲ್ಲ.

ಅಕ್ಕನಿಗೂ ಹೇಳಬೇಕಿತ್ತು. ಮುಂದಿನ ತಿಂಗಳ ಮೊದಲ ಭಾನುವಾರ ಒಂದೇ ಪಾತ್ರೆ ಇಡುತ್ತೇನೆ, ಮೊದಲು ನಿಮಗೆ ಕೊಟ್ಟು ಆಮೇಲೆ ನಾನು ಕುಡಿಯುತ್ತೇನೆ ಎಂದೆ. ಸಾಮಾನ್ಯವಾಗಿ ಪಾದ್ರಿ ಮೊದಲು ಕುಡಿದು ಆಮೇಲೆ ಸಭೆಗೆ ಕೊಡುವುದು.

ಆಕೆಗೆ ಅದು ಹಿಡಿಸಲಿಲ್ಲ. "ನನ್ನನ್ನ ಮುಂದೆ ನಿಲ್ಸ್ಕೊಂಡು ನೀವು ಜಗಳ ಆಡ್ತೀರಾ? ಅವ್ರು ಎದ್ದೋಗದ್ನ ನಾನು ಮಂಡಿ ಊರ್ಕೊಂಡು ನೋಡ್ಬೇಕಾ?"

"ಬೇಡ ಅಂದ್ರೆ ಬೇಡ ಅಕ್ಕಾ."

"ಬರ್ತೀನಿ. ನಿಮಗೋಸ್ಕರ ಅಲ್ಲ, ಅವ್ರ ಎದುರಿಗೆ ತೋರ್ಸಕ್ಕೂ ಅಲ್ಲ. ನಂಗೆ ಬೇಕು, ಅದಕ್ಕೆ."

ಆ ಭಾನುವಾರ ಸಭೆ ತುಂಬಿತ್ತು. ಯಾವತ್ತೂ ಬಾರದವರೂ ಬಂದಿದ್ದರು, ಏನಾಗುತ್ತದೆಂದು ನೋಡಲು. ನಾನು ಎಲ್ಲರಿಗೂ ಸಾಲುವಷ್ಟು ದ್ರಾಕ್ಷಾರಸವನ್ನು ಪಾತ್ರೆಗೆ ಸುರಿದೆ. ಕಡಿಮೆ ಹಾಕಿದರೆ ಬರುವುದಿಲ್ಲವೆಂದು ನಾನೇ ತೀರ್ಮಾನ ಮಾಡಿದಂತಾಗುತ್ತದೆ ಎಂದು ಅಂಚಿನ ತನಕ ತುಂಬಿದೆ. ಉಪದೇಶದಲ್ಲಿ ಯಾರನ್ನೂ ಬೈಯಲಿಲ್ಲ. ಕೊನೆಯ ಊಟಕ್ಕೆ ಕೂತವರಲ್ಲಿ ಯೇಸುವನ್ನು ಹಿಡಿದುಕೊಡುವವನಿದ್ದ, ಆತನ ಗುರುತೇ ಇಲ್ಲ ಎನ್ನುವವನಿದ್ದ, ಓಡಿಹೋಗುವವರಿದ್ದರು, ಅವರಿಗೆಲ್ಲ ಅದೇ ಪಾತ್ರೆ ಹೋಯಿತು ಎಂದಷ್ಟು ಹೇಳಿದೆ. ಪ್ರಾರ್ಥನೆ ಮುಗಿಸಿ, ಪಾತ್ರೆ ಎತ್ತಿ, "ಹತ್ತಿರಕ್ಕೆ ಬನ್ನಿ" ಎಂದು ಕರೆದೆ.

ಅಕ್ಕ ಹಿಂದಿನ ಬೆಂಚಿನಿಂದ ಎದ್ದು ಬಂದಳು. ಆ ನಡುವಿನ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಮಂಡಿಯೂರಿ ರೊಟ್ಟಿ ತಿಂದಳು, ಪಾತ್ರೆ ಹಿಡಿದು ಕುಡಿದಳು. ನಾನು ಅಂಚು ಒರೆಸಲಿಲ್ಲ, ತಿರುಗಿಸಲಿಲ್ಲ. ಅದೇ ಜಾಗದಲ್ಲಿ ತುಟಿಯಿಟ್ಟು ಕುಡಿದೆ. ಆಮೇಲೆ ಸಭೆಯ ಕಡೆ ತಿರುಗಿ ನಿಂತೆ.

ಹಾರ್ಮೋನಿಯಂ ನುಡಿಸುವವರು ಹಾಡು ಶುರುಮಾಡಿದರು. ಒಂದು ಚರಣ ಮುಗಿಯಿತು. ಯಾರೂ ಏಳಲಿಲ್ಲ. ಎರಡನೆಯ ಚರಣಕ್ಕೆ ಮೇಟ್ರನ್ ಅಮ್ಮ ಮುಂದಿನ ಬೆಂಚಿನ ಹಿಡಿ ಹಿಡಿದು ಅರ್ಧ ಎದ್ದರು. ಅವರ ಕಣ್ಣು ಪಾತ್ರೆಯ ಮೇಲಿತ್ತು. ಹಾಗೇ ಒಂದು ಗಳಿಗೆ ಬಗ್ಗಿ ನಿಂತಿದ್ದು ಮತ್ತೆ ಕೂತುಬಿಟ್ಟರು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಡ್‌ಮಾಸ್ಟರು ಹಾಡಿನ ಪುಸ್ತಕದಿಂದ ತಲೆ ಎತ್ತಲಿಲ್ಲ. ಹಾಡಿನ ಚರಣಗಳೆಲ್ಲ ಮುಗಿದು ಹಾರ್ಮೋನಿಯಂ ನಿಂತಿತು.

ಪಾತ್ರೆ ಇನ್ನೂ ತುಂಬಿತ್ತು. ಅದನ್ನು ಮುಗಿಸದೆ ಆರಾಧನೆ ಮುಗಿಯುವುದಿಲ್ಲ. ಒಬ್ಬಳೇ ಕುಡಿಯಲು ಶುರುಮಾಡಿದೆ. ಸಿಹಿ, ದಪ್ಪ ರಸ ಅದು, ಕೆಲವು ಗುಟುಕಿಗೇ ಪಾತ್ರೆ ಇಳಿಸಿದೆ. ಅಕ್ಕ ಎದ್ದು ಹೋಗದೆ ಅಲ್ಲೇ ಮಂಡಿಯೂರಿದ್ದಳು. ಕೈ ಚಾಚಿ "ಇಲ್ಕೊಡಿ" ಎಂದಳು. ಆಕೆ ಸ್ವಲ್ಪ, ನಾನು ಸ್ವಲ್ಪ, ಮತ್ತೆ ಆಕೆ. ಇಡೀ ಸಭೆ ಕೂತು ನೋಡುತ್ತಿತ್ತು. ಎಲ್ಲರ ಪಾಲಿನದನ್ನು ಇಬ್ಬರು ಹೆಂಗಸರು ಕುಡಿದು ಮುಗಿಸಿದೆವು. ಅದರಲ್ಲಿ ಜಯವೇನೂ ಇರಲಿಲ್ಲ.

ಆ ಗಳಿಗೆಯಲ್ಲಿ ನಾನು ದೇವರಿಗೆ ಹತ್ತಿರವಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪಾದ್ರಿಯಾಗಲು ಓದಿದ ಸೆಮಿನರಿಯಲ್ಲಿ ಕಲಿತ ಹತ್ತಿರ ಬೇರೆ, ಕಣ್ಣು ಮುಚ್ಚಿದರೆ ಎದೆ ತಣ್ಣಗಾಗುವ ಹತ್ತಿರ. ಅವತ್ತು ಎದೆ ತಣ್ಣಗಾಗಲಿಲ್ಲ. ಪಾತ್ರೆಯ ಅಂಚಿನಲ್ಲಿ ಆಕೆಯ ತುಟಿಯ ಬಿಸಿ ಮಾತ್ರ ಗೊತ್ತಾಗುತ್ತಿತ್ತು. ದೇವರು ಅದಕ್ಕಿಂತ ಹತ್ತಿರಕ್ಕೆ ಬರುವುದಾದರೆ ಎಲ್ಲಿಂದ ಬಂದಾನು, ನನಗೆ ಗೊತ್ತಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಸಭೆಯವರಿಗೆ ಅವಮಾನ ಮಾಡಿದೆ, ಕ್ರಮ ಮೀರಿ ಸಂಸ್ಕಾರ ನಡೆಸಿದೆ ಎಂದು ದೂರು ಹೋಯಿತು. ಕ್ರಮ ಮೀರಿದ್ದು ನಿಜ. ಒರೆಸಲಿಲ್ಲ, ಮೊದಲು ನಾನು ಕುಡಿಯಲಿಲ್ಲ. ಹಿರಿಯ ಪಾದ್ರಿಗಳು ಕರೆಸಿ, "ಹೇಳಿದ್ದೆ ಅಲ್ವೇನಮ್ಮಾ" ಎಂದರು. ಗುಬ್ಬಿಯ ಹೊಣೆಯನ್ನು ಬೇರೊಬ್ಬ ಪಾದ್ರಿಗೆ ಕೊಟ್ಟರು. ಸಣ್ಣ ಸಭೆಗಳಲ್ಲಿ ನನಗೆ ಕುಣಿಗಲ್ ಕಡೆಯದಷ್ಟೇ ಉಳಿಯಿತು. ಹೊಸಬರು ಸೌಮ್ಯ ಸ್ವಭಾವದವರು. ಅಲ್ಲಿ ಈಗ ಸ್ಟೀಲಿನ ಚಿಕ್ಕ ಕಪ್ಪುಗಳಿವೆ, ಸರಿಯಾಗಿ ತೊಳೆದಿಡುತ್ತಾರಂತೆ. ನಾನು ಮಾಡಿದ್ದರಿಂದ ಆದ ಒಂದೇ ಸುಧಾರಣೆ ಅದು.

ಅಕ್ಕ ದೇವಾಲಯಕ್ಕೆ ಹೋಗುವುದನ್ನು ಬಿಟ್ಟಳು ಎಂದು ಕೇಳಿದೆ. ಮೇಟ್ರನ್ ಅಮ್ಮನೂ ಹೋಗುತ್ತಿಲ್ಲವಂತೆ. ಅವರು ಯಾಕೆ ಬಿಟ್ಟರೋ ಯಾರೂ ಕೇಳಿಲ್ಲ. ಒಂದು ಸಲ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ನನ್ನ ಕೈ ಹಿಡಿದುಕೊಂಡು, "ಕಾಲು ಏಳಲೇ ಇಲ್ಲ ಕಣಮ್ಮ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಈಗ ಕುಣಿಗಲ್ ಕಡೆ, ಮಾರ್ಕೋನಹಳ್ಳಿಯ ಕಾಲುವೆ ಬದಿಯ ಒಂದು ಮನೆಯ ನಡುಮನೆಯಲ್ಲಿ ತಿಂಗಳಿಗೊಮ್ಮೆ ಸಂಸ್ಕಾರ ನಡೆಸುತ್ತೇನೆ. ಕೆಲವೇ ಜನ. ಒಂದೇ ಪಾತ್ರೆ. ಅವರೆಲ್ಲ ಒಂದೇ ಮನೆತನದವರು, ಒಬ್ಬರ ಎಂಜಲು ಒಬ್ಬರಿಗೆ ಎಂಜಲಲ್ಲ. ಅಲ್ಲಿ ಪಾತ್ರೆ ಹಗುರಾಗಿ ಹಿಂದಕ್ಕೆ ಬಂದಾಗ ನನಗೆ ಸಂತೋಷವಾಗಬೇಕು. ಹೊರಗಿನವರೊಬ್ಬರು ಬಂದು ಪಕ್ಕದಲ್ಲಿ ಮಂಡಿಯೂರಿದರೆ ಇವರು ಏನು ಮಾಡುತ್ತಾರೋ ಎಂದು ಮನಸ್ಸು ಲೆಕ್ಕ ಹಾಕುತ್ತಿರುತ್ತದೆ. ಆ ಸಂಶಯವಿಲ್ಲದೆ ಪಾತ್ರೆ ಹಿಡಿಯಲು ನನಗೆ ಇನ್ನು ಆಗುವುದಿಲ್ಲವೇನೋ.

ಹೋದ ತಿಂಗಳು ಒಂದು ಅಂತ್ಯಕ್ರಿಯೆಗೆಂದು ಬೆಳಿಗ್ಗೆ ಗುಬ್ಬಿಗೆ ಹೋಗಿದ್ದೆ. ಪೇಟೆಯ ತಿರುವಿನಲ್ಲಿ ಕಸದ ಆಟೋ ನಿಂತಿತ್ತು. ಅಕ್ಕ ಒಂದು ಮನೆಯ ಬಕೆಟ್ಟನ್ನು ಗಾಡಿಗೆ ಬಗ್ಗಿಸುತ್ತಿದ್ದಳು. ಸ್ಕೂಟರು ನಿಲ್ಲಿಸಿದೆ. ಕ್ಷೇಮ ಸಮಾಚಾರ ಮಾತಾಡಿದೆವು. ಮಗಳ ಬಾಣಂತನ, ಕೈಗೆ ಬರುತ್ತಿರುವ ಅಲರ್ಜಿ, ಹೊಸ ಮೇಸ್ತ್ರಿಯ ಕಾಟ. ಹೊರಡುವ ಮುಂಚೆ ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

"ಅಕ್ಕಾ, ನಾನು ಪಾತ್ರೆ ತಗೊಂಡು ನಿಮ್ಮನೆಗೇ ಬರ್ತೀನಿ. ಮನೆಲೇ ಸಂಸ್ಕಾರ ಕೊಡ್ತೀನಿ. ಅದಕ್ಕೆ ಯಾರ ಅಪ್ಪಣೆನೂ ಬೇಡ."

ಆಕೆ ಖಾಲಿ ಬಕೆಟ್ಟನ್ನು ಆ ಮನೆಯ ಗೇಟಿನೊಳಗೆ ಇಟ್ಟು, ಗ್ಲೌಸು ಸರಿಮಾಡಿಕೊಂಡಳು.

"ಮನೆಗೆ ತಂದ್ಕೊಡದು ಹಾಸಿಗೆ ಹಿಡ್ದೋರಿಗೆ ಅಲ್ವಾ ಅಮ್ಮಾ? ಎದ್ದು ಬರಕ್ಕಾಗ್ದೇ ಇರೋರಿಗೆ?"

"ಹೌದು."

"ನನ್ ಕಾಲು ಚೆನ್ನಾಗವೆ. ನಾನೇ ಎದ್ದು ಬರ್ತೀನಿ. ಜಾಗ ಎಲ್ಲಿದೆ ಹೇಳಿ."

ಗಾಡಿ ಹೊರಟಿತು. ಆಕೆ ಹಿಂದಿನ ಕಂಬಿ ಹಿಡಿದು ಹತ್ತಿಕೊಂಡಳು. ನನಗೆ ಹೇಳಲು ಒಂದು ವಿಳಾಸ ಇರಲಿಲ್ಲ.